ಈರಕ್ಕನಿಗೊಂದು ಶಾಂಪೂ ಹಿಂಡುವ ಮಿಷನ್ನು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕೈಯಿಂದಲೋ, ಪಾಕೀಟಿನಿಂದಲೋ? ಕೈಯಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ‘ಅಯ್ಯೋ ಪಾಪ’ ಅಂದುಬಿಡುತ್ತೀರಿ. ಆಮೇಲೆ ನಾನು ಏನು ಹೇಳಿದರೂ ನಿಮ್ಮ ಕಿವಿಗೆ ಹೋಗುವುದಿಲ್ಲ. ಪಾಕೀಟಿನಿಂದ ಶುರು ಮಾಡಿದರೆ ಜಾಹೀರಾತು ಅಂದುಕೊಂಡು ಪುಟ ತಿರುವುತ್ತೀರಿ. ಹೋಗಲಿ, ನನ್ನಿಂದಲೇ ಶುರು ಮಾಡೋಣವೆಂದರೆ, ನಾನು ಮಧುಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರು. ನನ್ನಿಂದ ಶುರುವಾದ ಕಥೆಗಳೆಲ್ಲ ಸಂಪಾದಕರ ಮೇಜಿನಿಂದ ಸುಖವಾಗಿ ಮನೆಗೆ ವಾಪಸು ಬಂದಿವೆ.

ಸರಿ, ಪಾಕೀಟೇ ಇರಲಿ. ೧೯೮೬ನೇ ಇಸವಿ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ಸಂತೆ. ಅಂಗಡಿಯ ಮುಂದೆ ಶಾಂಪೂ ಪಾಕೀಟುಗಳ ಸರ ತೂಗಾಡುತ್ತಿದೆ. ಒಂದು ಸ್ನಾನಕ್ಕೆ ಒಂದು ಪಾಕೀಟು, ಒಳಗೆ ಹಸಿರು ಲೋಳೆ. ಓಬಳಪ್ಪ ಎಂಬುವವನು ಒಂದು ಕಿತ್ತುಕೊಂಡು ಜೇಬಿಗೆ ಹಾಕಿಕೊಳ್ಳುತ್ತಾನೆ.

(ಅವನ ಜೇಬನ್ನು ನಾನು ಆಗಲೇ ಸರಿಯಾಗಿ ನೋಡಬೇಕಿತ್ತು. ನೋಡಲಿಲ್ಲ. ಮುಂದೆ ಅನುಭವಿಸಿದೆ.)

೨. ಮೊದಲ ಕರಡು (ಹರಿದು ಹಾಕಿದ್ದು)

ಓಬಳಪ್ಪ ಹೊಸಕೋಟೆಯ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಕಾಯಿ ಸುಲಿಯುವ ಮಿಷನ್ನು ನೋಡಿಕೊಳ್ಳುವವನು. ಅವನ ಹೆಂಡತಿ ಈರಕ್ಕ ಅದೇ ಮಿಲ್ಲಿನಲ್ಲಿ ಸಿಪ್ಪೆ ಬಾಚುತ್ತಿದ್ದಳು. ಎರಡು ವರ್ಷದ ಹಿಂದೆ ಮಿಷನ್ನಿಗೆ ಸಿಕ್ಕಿ ಅವಳ ಎಡಗೈ ಮೊಣಕೈಯಿಂದ ಕೆಳಗೆ ಹೋಯಿತು. ಈಗ ಪ್ರತಿ ಶನಿವಾರ ಓಬಳಪ್ಪ ಪಾಕೀಟನ್ನು ಹಲ್ಲಿನಿಂದ ಹರಿದು, ಕೊನೆಯ ತೊಟ್ಟಿನವರೆಗೂ ಹಿಂಡಿ, ಹೆಂಡತಿಯ ತಲೆ ತೊಳೆಯುತ್ತಾನೆ. ಬೀದಿಯ ಗಂಡಸರು, “ಏನ್ಲಾ ಓಬ್ಳ, ಹೆಂಡ್ರ ಬಾಣಂತನ ಇನ್ನೂ ಮುಗೀಲಿಲ್ವೇನ್ಲಾ?” ಎಂದು ಹಲ್ಲು ಕಿರಿಯುತ್ತಾರೆ. ಅವನು ಕ್ಯಾರೇ ಅನ್ನುವುದಿಲ್ಲ.

ಎಂಥ ಗಂಡ! ಎಂಥ ಪ್ರೇಮ! ಬರೆಯುತ್ತಾ ಬರೆಯುತ್ತಾ ನನಗೇ ಕಣ್ಣಲ್ಲಿ ನೀರು ಬಂತು. (ನನ್ನ ಬರವಣಿಗೆಗೆ ನಾನೇ ಅಳುವುದು ಹಳೆಯ ಕಾಯಿಲೆ. ಓದುಗರು ಅತ್ತ ದಾಖಲೆ ಇಲ್ಲ.)

ಅಷ್ಟರಲ್ಲಿ ಈರಕ್ಕ ಕರಡಿನೊಳಗಿಂದ ತಲೆ ಎತ್ತಿದಳು.

“ಮೇಷ್ಟ್ರೇ, ನಂಗೊಂದು ಮಿಷನ್ ಮಾಡಿಸ್ಕೊಡಿ.”

“ಏನು ಮಿಷನ್ನಮ್ಮಾ?”

“ಈ ಪಾಕೀಟ ಒಂದೇ ಕೈಲಿ ಬಿಚ್ಚಿ ಹಿಂಡ್ತದಲ್ಲ, ಅಂಥದ್ದು.”

ನಾನು ಬೆಪ್ಪಾದೆ. ನನ್ನ ಪಾತ್ರಗಳು ಇದುವರೆಗೆ ಒಂದು ಒಳ್ಳೆಯ ಸಾವು ಕೇಳಿವೆ, ಒಂದೆರಡು ಪ್ರೇಮ ಕೇಳಿವೆ. ಸಾಮಾನು ಕೇಳಿದ್ದು ಇದೇ ಮೊದಲು.

“ಗಂಡ ಇಷ್ಟು ಪ್ರೀತಿಯಿಂದ ತೊಳೆಯುತ್ತಾನಲ್ಲಮ್ಮ, ಮಿಷನ್ ಯಾಕೆ?”

“ಮೊದ್ಲು ಮಾಡಿಸ್ಕೊಡಿ. ಆಮ್ಯಾಕೆ ಯೋಳ್ತೀನಿ.”

೩. ಮಿಷನ್ನಿನ ಕರಡುಗಳು

ಕರಡು ಒಂದು: ಚಕ್ಕುಲಿ ಒರಳು. ಪಾಕೀಟನ್ನು ಒರಳಿಗೆ ಹಾಕಿ ಒತ್ತುವುದು. ಎರಡು ಪುಟ ವರ್ಣಿಸಿ ಬರೆದ ಮೇಲೆ ಹೊಳೆಯಿತು, ಒರಳನ್ನು ಒತ್ತುವುದಕ್ಕೇ ಎರಡು ಕೈ ಬೇಕು. ಯಾರಿಗೂ ಹೇಳಬೇಡಿ.

ಕರಡು ಎರಡು: ಹಲ್ಲು. ಈರಕ್ಕ ಅದನ್ನು ಆಗಲೇ ಮಾಡಿ ನೋಡಿದ್ದಾಳೆ. “ಅರ್ಧ ಬಾಯೊಳಕ್ಕೆ, ಅರ್ಧ ಗೋಡೆಗೆ. ತಲೆಗೆ ಬಿದ್ದಿದ್ದು ಬರೀ ವಾಸ್ನೆ” ಅಂದಳು.

ಕರಡು ಮೂರು: ಗೊತ್ತಿರುವವರನ್ನು ಕೇಳುವುದು. ಹೊಸಕೋಟೆ ಬಸ್‌ಸ್ಟ್ಯಾಂಡ್ ಹತ್ತಿರ ರೇಣುಕಯ್ಯನ ಸೈಕಲ್ ಶಾಪಿದೆ. (ಇದೆ ಅಂತ ನಾನು ಬರೆದೆ, ಆದ್ದರಿಂದ ಇದೆ.) ರೇಣುಕಯ್ಯ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಮನುಷ್ಯ. ಈರಕ್ಕ ತಂದ ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಹಳೆಯ ಸೈಕಲ್ಲಿನ ಕ್ಯಾರಿಯರ್ ಕ್ಲಿಪ್ಪು ಬಿಚ್ಚಿದ. ಹಿಂದಿನ ಸೀಟಿನ ಮೇಲೆ ಪುಸ್ತಕ, ಟಿಫನ್ ಕ್ಯಾರಿಯರ್ ಕಚ್ಚಿಕೊಳ್ಳುತ್ತದಲ್ಲ, ಅದೇ ಸ್ಪ್ರಿಂಗ್ ಕ್ಲಿಪ್ಪು. ಅದನ್ನೊಂದು ಹಲಗೆಗೆ ಬಡಿದ. ಹಲಗೆ ಜಾರದಂತೆ ಅಡಿಗೆ ಟೈರಿನ ತುಂಡು. ಪಕ್ಕದಲ್ಲಿ ಮುರಿದ ಶೇವಿಂಗ್ ಬ್ಲೇಡು. ಪಾಕೀಟಿನ ಮೂಲೆಯನ್ನು ಬ್ಲೇಡಿಗೆ ಒಮ್ಮೆ ಎಳೆದು, ಕ್ಲಿಪ್ಪಿನ ಬಾಯಿಗೆ ತೂರಿಸಿ, ಅಂಗೈಯಿಂದ ಮೇಲೆ ಒತ್ತಿದರೆ ಲೋಳೆ ಬಂದು ಮುಂದಿಟ್ಟ ಕರಟಕ್ಕೆ ಬೀಳಬೇಕು.

ಮೊದಲ ಸಲ ರೇಣುಕಯ್ಯನೇ ಒತ್ತಿದ. ಲೋಳೆ ಚಿಮ್ಮಿ ಅವನ ಮೀಸೆಗೆ ಬಿತ್ತು. ಅಂಗಡಿ ಮುಂದಿದ್ದವರೆಲ್ಲ ಹೋ ಎಂದರು. ಅವನು ಮೀಸೆ ಒರೆಸಿಕೊಂಡು ಕ್ಲಿಪ್ಪಿನ ಬಾಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, “ಈಗ ನೀನು ನೋಡಮ್ಮ” ಎಂದು ಈರಕ್ಕನ ಮುಂದೆ ತಳ್ಳಿದ.

ಈರಕ್ಕ ಒಂದೇ ಕೈಯಲ್ಲಿ ಮೂಲೆ ಎಳೆದಳು. ತೂರಿಸಿದಳು. ಒತ್ತಿದಳು. ಹಸಿರು ಲೋಳೆ ಸೊರ್ರನೆ ಕರಟಕ್ಕೆ ಇಳಿಯಿತು. ಅವಳು ಒತ್ತುತ್ತಲೇ ಇದ್ದಳು.

“ಸಾಕು ಸಾಕಮ್ಮ!” ರೇಣುಕಯ್ಯ ಕೂಗಿದ. “ಪಾಕೀಟಲ್ಲಿ ಇನ್ನೇನೂ ಉಳಿದಿಲ್ಲ, ಚಾಲು!”

೪

ಕಥೆ ಮುಗಿಯಿತು! ಸ್ವಾವಲಂಬನೆ, ಮಹಿಳೆ, ಗ್ರಾಮೀಣ ತಂತ್ರಜ್ಞಾನ, ದೀಪಾವಳಿ ವಿಶೇಷಾಂಕಕ್ಕೆ ಇನ್ನೇನು ಬೇಕು? ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಆಗ ನೀವು (ಹೌದು ನೀವೇ, ಓದುಗರೇ, ನಿಮಗೆ ಯಾವಾಗಲೂ ಒಂದು ಕೊಕ್ಕೆ ಇದ್ದದ್ದೇ) ಕೇಳಿದಿರಿ: “ಅಲ್ರೀ ಮೇಷ್ಟ್ರೇ, ಸೀಗೆಪುಡಿ ಇತ್ತಲ್ಲ? ಬಟ್ಟಲಲ್ಲಿ ಕಲಸಿಕೊಂಡರೆ ಒಂದು ಕೈ ಸಾಕಲ್ಲ?”

ನನಗೆ ಇದು ಹೊಳೆದೇ ಇರಲಿಲ್ಲ. ಈರಕ್ಕನನ್ನು ಕೇಳಿದೆ.

“ಊಂ ಮತ್ತೆ” ಅಂದಳು. “ಕೈ ಹೋದ ಮ್ಯಾಕೆ ಒಂದ್ ವರ್ಷ ಸೀಗೆಪುಡೀಲೇ ತೊಳ್ಕತಿದ್ದೆ. ನಾನೇ. ಯಾರ ಹಂಗೂ ಇರ್ಲಿಲ್ಲ. ಆಮ್ಯಾಕೆ ಇವ್ನು ಸಂತೆಯಿಂದ ಈ ಪಾಕೀಟು ತಂದ. ಸೀಗೆಪುಡಿ ಡಬ್ಬ ಎತ್ತಿ ಅಟ್ಟದ ಮ್ಯಾಕಿಟ್ಟ.”

“ಪ್ರೀತಿಯಿಂದ ತಂದಿರಬೇಕು.”

“ಎರಡು ಕೈ ಬೇಕಾದ ಸಾಮಾನು ನೋಡ್ಕಂಡೇ ತಂದ ಮೇಷ್ಟ್ರೇ. ನಂಗೆ ಅವನ ಕೈ ಬೇಕಾಗ್ಲಿ ಅಂತ.”

ಅಬ್ಬಾ! ನಾನು ಲಕೋಟೆ ಕೆಳಗಿಟ್ಟೆ. ನಾನು ಕಣ್ಣೀರು ಸುರಿಸಿದ ಪ್ರೇಮಕಥೆಯೊಳಗೆ ಇಂಥದ್ದೊಂದು ಕೂತಿದೆ ಎಂದು ನನಗೆ, ಬರೆದವನಿಗೆ, ಗೊತ್ತೇ ಇರಲಿಲ್ಲ.

“ಹಾಗಾದರೆ ಡಬ್ಬ ಇಳಿಸಿಕೊಂಡು ಮತ್ತೆ ಸೀಗೆಪುಡಿಯನ್ನೇ ಹಾಕಿಕೊಳ್ಳಬಹುದಲ್ಲ?”

“ಇದು ಬುಟ್ರೆ ಇನ್ನೊಂದು ತತ್ತಾನೆ. ಅವ್ನು ತಂದಿದ್ದನ್ನೇ ಅವನ ಮುಂದೆ ಒಂದ್ ಕೈಲಿ ಬಿಚ್ಚಿ ತೋರಿಸ್ಬೇಕು. ಕೈಗೆ ಕೆಲಸ ಇಲ್ದಂಗಾದ್ರೆ ಆವಾಗ ಬಾಯಿ ಬುಡ್ತಾನೆ.”

“ಬಾಯಿ ಬಿಟ್ಟು ಏನು ಹೇಳಬೇಕು?”

ಈರಕ್ಕ ನನ್ನನ್ನೇ ನೋಡಿದಳು. “ನೀವೇ ಬರ್ದಿರೋದು ಅಂತೀರಾ, ನಿಮ್ಗೇ ಗೊತ್ತಿಲ್ವಾ?”

೫

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮೋಟರಿಗೆ ಸ್ಟಾರ್ಟರ್ ಪೆಟ್ಟಿಗೆ ಇರುತ್ತದೆ. ಕರೆಂಟು ಹೋದರೆ ಮೋಟರು ನಿಲ್ಲುತ್ತದೆ. ಮತ್ತೆ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ತಿರುಗುವುದಿಲ್ಲ. ಪ್ರಾಣ ಉಳಿಯಲಿ ಅಂತ ಮಾಡಿದ ಏರ್ಪಾಡು. ಆದರೆ ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಆ ದೇವರಿಗೂ ಗೊತ್ತಿಲ್ಲ. ಕಾದು ಕೂರುವವರು ಯಾರು? ಒತ್ತಿದ ಗುಂಡಿ ಒತ್ತಿದಂತೆಯೇ ಇರಲಿ ಎಂದು ಸಂದಿಗೆ ಒಂದು ಕಡ್ಡಿ ಸಿಕ್ಕಿಸಿ ಹೋಗಿಬಿಡುತ್ತಾರೆ. ಕರೆಂಟು ಬಂದ ಕೂಡಲೇ ಮೋಟರು ತಾನೇ ತಿರುಗುತ್ತದೆ. ಮಧುಗಿರಿಯಿಂದ ಪಾವಗಡದವರೆಗೆ ಪಂಪ್‌ಸೆಟ್ಟಿಗೆ ಕಡ್ಡಿ ಸಿಕ್ಕಿಸದ ರೈತನನ್ನು ನಾನು ನೋಡಿಲ್ಲ. ಪಂಪ್‌ಸೆಟ್ಟಿನ ಮುಂದೆ ಯಾರೂ ಕೈ ಹಾಕಿಕೊಂಡು ಕೂತಿರುವುದಿಲ್ಲ, ನಡೆಯುತ್ತದೆ.

ಈರಕ್ಕ ಹೇಳಿದಳು:

“ಕರೆಂಟ್ ಹೋಗಿತ್ತು. ಮಿಷನ್ ನಿಂತಿತ್ತು. ಅದ್ರ ಬಾಯಲ್ಲಿ ಸಿಪ್ಪೆ ಕಟ್ಕಂಡಿತ್ತು. ನಿಂತದಲ್ಲ ಅಂತ ಕೈ ಹಾಕ್ದೆ. ಇವ್ನು ಗುಂಡಿಗೆ ಕಡ್ಡಿ ಸಿಗಿಸ್ಬುಟ್ಟು ಟೀ ಕುಡಿಯಾಕೋಗಿದ್ದ. ಕರೆಂಟ್ ಬಂತು.”

ನನ್ನ ಪೆನ್ನು ನಿಂತಿತು.

“ನಾನು ಬಿದ್ದಿದ್ನಲ್ಲ, ಅಲ್ಲಿಂದ ಪೆಟ್ಗೆ ನೆಟ್ಟಗೆ ಕಾಣ್ತಿತ್ತು. ಓಡ್ಬಂದ. ಕಡ್ಡಿ ಕಿತ್ತ, ಕೆಂಪು ಗುಂಡಿ ಒತ್ತಿದ. ಅದು ಸರಿ, ಮಿಷನ್ ನಿಲ್ಲಿಸ್ಬೇಕಲ್ಲ. ಕಿತ್ತ ಕಡ್ಡೀನ ಬಿಸಾಕ್ಬೋದಾಗಿತ್ತು. ಜೇಬಿಗಿಟ್ಕಂಡ ಮೇಷ್ಟ್ರೇ. ಜೇಬಿಗಿಟ್ಕಂಡು ಆಮ್ಯಾಕೆ ನನ್ನತ್ರ ಬಂದ.”

ಅಯ್ಯೋ ಶಿವನೇ. ನಾನು ಎದ್ದು ನೀರು ಕುಡಿದು ಬಂದೆ. ಕಥೆ ಬರೆಯುವವನು ಮಧ್ಯದಲ್ಲಿ ಎದ್ದು ಹೋಗಬಾರದು ಅಂತ ನಿಯಮವೇನಾದರೂ ಇದ್ದರೆ ಇರಲಿ.

“ಕಡ್ಡಿ ಇಲ್ಲ ಅಂದ ಮ್ಯಾಕೆ ಮಿಷನ್ ತಾನಾಗೇ ತಿರುಗಾಕಿಲ್ವಲ್ಲ. ಮಾಲೀಕ ಬಂದು, ಓಡೋ ಮಿಷನ್ನಿಗೆ ಯಾವಳು ಕೈ ಹಾಕ್ತಾಳೆ, ಅವಸರದೋಳು, ಅಂದ. ಇವ್ನು ನೆಲ ನೋಡ್ಕಂಡು ನಿಂತಿದ್ದ. ಅವತ್ತಿಂದ ನಾನು ಊರಿಗೆಲ್ಲ ಅವಸರದ ಈರಕ್ಕ. ಹೆಣ್ಮಕ್ಳು ಮಿಲ್ಲಿಗೆ ಹೊಂಟ್ರೆ ತಾಯಂದ್ರು ನನ್ನ ಕೈ ತೋರಿಸ್ತಾರೆ, ಅವಸರ ಮಾಡಿದ್ರೆ ಇಂಗೇ ಆಗೋದು ಅಂತ.”

“ನೀನು ನೋಡಿದ್ದು ಅವನಿಗೆ ಗೊತ್ತೇ?”

“ಗೊತ್ತಿಲ್ಲ. ನಾನು ಪ್ರಗ್ನೆ ತಪ್ಪಿದ್ದೆ ಅನ್ಕಂಡವ್ನೆ.”

“ನೀನೇ ಕೇಳಿಬಿಡಮ್ಮ ಹಾಗಾದರೆ!”

“ನಾನು ಕೇಳ್ದ ಮ್ಯಾಕೆ ಹೂಂ ಅನ್ನೋದು ಏನು ದೊಡ್ಡಸ್ತಿಕೆ? ಕಡ್ಡಿ ನಾನಿಕ್ಕಿದ್ದು ಕಣೇ ಈರಿ ಅಂತ ಅವನಾಗೇ ಅನ್ಬೇಕು. ಊರ ಮುಂದೆ ಆಮ್ಯಾಕೆ ಯೋಳ್ಕಳ್ಳಿ. ಮೊದ್ಲು ನನ್ನ ಮುಂದೆ.”

೬. ಓಬಳಪ್ಪನ ಜೊತೆ ಜಗಳ

“ಏನಯ್ಯಾ ಓಬಳಪ್ಪ! ನಿನ್ನನ್ನು ದೇವರಂಥ ಗಂಡ ಅಂತ ಎರಡು ಪುಟ ಬರೆದಿದ್ದೆನಲ್ಲೋ!”

“ಹರಿದಾಕಿ ಸಾಮಿ.”

“ಹರಿದು ಹಾಕಿದ್ದಾಯಿತು. ಅವಳಿಗೆ ಯಾಕೆ ಹೇಳಲಿಲ್ಲ?”

“ತಲೆ ತೊಳೀತೀನಲ್ಲ ಸಾಮಿ.”

“ಕೇಳಿದ್ದೇನು, ನೀನು ಹೇಳುವುದೇನು?”

“ಅದೇ ಸಾಮಿ ನಾನು ಯೋಳೋದು. ಒಂದೊಂದು ಶನಿವಾರಾನೂ ಯೋಳ್ತಾನೇ ಇವ್ನಿ. ಕೈಲಾದ್ರೆ ಬತ್ತದೆ. ಬಾಯಲ್ಲಿ ಬರಾಕಿಲ್ಲ. ಬಾಯಿ ತೆಗುದ್ರೆ ಅವತ್ತಿನ ಅವಳ ಕೂಗು ಕೇಳ್ತದೆ.” ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. “ನೀವೇ ಬರ್ಕಳಿ ಸಾಮಿ. ನನ್ನ ಬಾಯಾಗೆ ಏನ್ ಬೇಕೋ ಅದು ಹಾಕ್ಬುಡಿ. ಕೆಳಗೆ ಹೆಬ್ಬೆಟ್ಟು ಒತ್ತುತೀನಿ.”

ಬೈಯಬೇಕೆಂದು ಬಂದವನು ನಾನು. ಬೈಗುಳವೂ ಬರಲಿಲ್ಲ, ಕರುಣೆಯೂ ಪೂರ್ತಿ ಬರಲಿಲ್ಲ. ನನ್ನ ಇಪ್ಪತ್ತು ವರ್ಷದ ಬರವಣಿಗೆಯಲ್ಲಿ ನನಗೆ ಇಷ್ಟು ಗಾಬರಿ ಆದದ್ದಿಲ್ಲ.

೭. ಶನಿವಾರ

ಹಿತ್ತಲಲ್ಲಿ ಹಂಡೆಯ ನೀರು ಕಾದಿದೆ. ಓಬಳಪ್ಪ ಎಂದಿನಂತೆ ಪಾಕೀಟು ತಂದು ಹಲ್ಲಿಗೆ ಇಟ್ಟುಕೊಂಡ.

“ಇತ್ಲಾಗೆ ಕೊಡು” ಅಂದಳು ಈರಕ್ಕ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಲಗೆ ಇತ್ತು. ಅವನು ಅದನ್ನು ನೋಡಿದ, ಪಾಕೀಟು ಕೊಟ್ಟ. ಅವಳು ಮೂಲೆ ಎಳೆದಳು, ತೂರಿಸಿದಳು, ಒತ್ತಿದಳು. ಕರಟದಿಂದ ಬಳಿದು ತಲೆಗೆ ಹಚ್ಚಿಕೊಂಡು ತಿಕ್ಕತೊಡಗಿದಳು. ಓಬಳಪ್ಪ ನೀರು ಹಾಕೋಣವೆಂದು ಚೊಂಬು ಎತ್ತಿಕೊಂಡ. ಅವಳು ನೊರೆಗೈ ಚಾಚಿ ಚೊಂಬನ್ನೂ ಇಸಿದುಕೊಂಡು ತಾನೇ ಮೊಗೆದು ಹುಯ್ದುಕೊಂಡಳು.

ಓಬಳಪ್ಪನ ಕೈ ಎರಡೂ ಖಾಲಿ. ಒಂದನ್ನು ಸೊಂಟಕ್ಕೆ ಇಟ್ಟುಕೊಂಡ, ತೆಗೆದ. ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡ, ಬಿಟ್ಟ. ಒಳಗೆ ಹೋಗಬಹುದಿತ್ತು, ಹೋಗಲಿಲ್ಲ.

೮. ಮುಕ್ತಾಯಗಳು

(ಅ) ಓಬಳಪ್ಪ ಮಂಡಿಯೂರಿ, “ನನ್ನನ್ನು ಕ್ಷಮಿಸು ಈರಿ, ಆ ಕಡ್ಡಿ ಇಟ್ಟ ಪಾಪಿ ನಾನೇ” ಎಂದು ಬಿಕ್ಕಿ ಬಿಕ್ಕಿ ಅತ್ತ.

ಈರಕ್ಕ ನೊರೆ ತಲೆಯಲ್ಲೇ ನನ್ನ ಕಡೆ ತಿರುಗಿದಳು. “ಮೇಷ್ಟ್ರೇ, ನಮ್ಮೋನು ಹುಟ್ಟಿದಾಗಿಂದ ಕ್ಷಮಿಸು ಅಂದವ್ನಲ್ಲ. ಇದು ನಿಮ್ಮ ಮಾತು. ನಿಮ್ಮ ಮಾತು ತಗಂಡು ನಾನೇನ್ ಮಾಡ್ಲಿ?” ಹೊಡೆದು ಹಾಕಿದೆ.

(ಆ) ಈರಕ್ಕ ಹಲಗೆಯನ್ನು ಬಗಲಿಗಿಟ್ಟುಕೊಂಡು ಬಲಸಮುದ್ರದ ತವರಿಗೆ ಬಸ್ಸು ಹತ್ತಿದಳು.

“ನಾನ್ಯಾಕೆ ಹೋಗ್ಲಿ? ಮನೆ ನಂದು. ತಪ್ಪು ಮಾಡ್ದೋನು ಇಲ್ಲಿ ನಿಂತವ್ನೆ.” ಇದನ್ನೂ ಹೊಡೆದು ಹಾಕಿದೆ.

(ಇ) ಓಬಳಪ್ಪ ಸಿಟ್ಟಿನಿಂದ ಹಲಗೆಯನ್ನು ಕಲ್ಲಿಗೆ ಅಪ್ಪಳಿಸಿ ಚೂರು ಮಾಡಿದ.

ಇದಕ್ಕೆ ಓಬಳಪ್ಪನೇ ನೊಂದುಕೊಂಡ. “ನಾನು ಹೇಡಿ ಅಂತ ಬರ್ಕಳಿ ಸಾಮಿ, ಅದು ನಿಜ. ಅವ್ಳ ಸಾಮಾನು ಒಡೆಯೋನಲ್ಲ ನಾನು.”

ನನಗೆ ಇನ್ನು ಮುಕ್ತಾಯಗಳಿಲ್ಲ. ನಾನು ಬರೆದ ಯಾವ ತಪ್ಪೊಪ್ಪಿಗೆಯೂ ಅವಳಿಗೆ ಸಲ್ಲುವುದಿಲ್ಲ. ಚೆನ್ನಾಗಿ ಬರೆದಷ್ಟೂ ಅದು ಅವನದಲ್ಲ, ನನ್ನದಾಗುತ್ತದೆ. ನನ್ನ ಕಸುಬು ಕೆಲಸಕ್ಕೆ ಬಾರದ ಒಂದು ಜಾಗ ಇದೆ ಎಂದು ಹೊಸಕೋಟೆಯ ಈ ಹಿತ್ತಲಲ್ಲಿ ಗೊತ್ತಾಯಿತು. ತುಂಬ ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಈರಕ್ಕ ಕೊನೆಯ ಚೊಂಬು ನೀರು ಹುಯ್ದುಕೊಂಡು, ಕೂದಲನ್ನು ಒಂದೇ ಕೈಯಲ್ಲಿ ಹಿಂಡಿ, ಕಲ್ಲಿನ ಮೇಲೆ ಗಂಡನಿಗೆ ಎದುರಾಗಿ ಕೂತಳು. ಏನೂ ಕೇಳಲಿಲ್ಲ. ಅವನನ್ನು ನೋಡುತ್ತಾ ಕೂತಳು, ಅಷ್ಟೆ.

ಓಬಳಪ್ಪ “ಈರಿ” ಅಂದ. (ಇದು ನಾನು ಬರೆದದ್ದಲ್ಲ, ಆಣೆಗೂ.) ಅವನ ತುಟಿ ಮತ್ತೆ ಅಲುಗಾಡಿತು.

ನಾನು ಪೆನ್ನಿನ ಕ್ಯಾಪು ಮುಚ್ಚುತ್ತಿದ್ದೇನೆ. ನಾನು ಇಲ್ಲೇ ಕೂತಿದ್ದರೆ ಅವನ ಬಾಯಿಗೆ ಏನಾದರೂ ತುರುಕಿಯೇ ತುರುಕುತ್ತೇನೆ. ನೀವೂ ಏಳಿ. ಗಂಡ ಹೆಂಡತಿ ಮಾತಾಡುವ ಹಿತ್ತಲಲ್ಲಿ ನಮಗೇನು ಕೆಲಸ? ಏಳಿ ಅಂದೆನಲ್ಲ, ಅವನು ನಿಮ್ಮನ್ನು ನೋಡಿ ಮತ್ತೆ ಬಾಯಿ ಮುಚ್ಚಿಕೊಂಡಾನು.