ಡಬ್ಬಿಯ ತಳದ ದಿಂಬು

ನಾದಿನಿ ಬೆಳಿಗ್ಗೆ ಆರೂವರೆಗೆ ಅಡುಗೆಮನೆಗೆ ಬರುತ್ತಿದ್ದಳು, ತುಟಿಗೆ ಬಣ್ಣ ಹಚ್ಚಿಕೊಂಡು. ಕ್ಯಾರೆಟ್ ಹೆಚ್ಚುವುದಕ್ಕೆ ತುಟಿಗೆ ಬಣ್ಣ ಯಾಕೆ ಬೇಕೆಂದು ಅವಳ ಅತ್ತಿಗೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಔಷಧಿ ಅಂಗಡಿಯಾಕೆ, ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಉತ್ತರವನ್ನೂ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಔಷಧಿ ಅಂಗಡಿಯಾಕೆಗೆ ಒಬ್ಬಳೇ ಮಗಳು. ಎಂಟು ವರ್ಷ, ಮನೆಯಲ್ಲಿ ಎಲ್ಲರ ಬಾಯಲ್ಲೂ ಗುಬ್ಬಿ. ಗುಬ್ಬಿಗೆ ಗೋಧಿ ಆಗದು. ಆಗದು ಅಂದರೆ ಮೂತಿ ತಿರುಗಿಸುತ್ತಾಳೆ ಎಂದಲ್ಲ. ಗೋಧಿಯಲ್ಲಿರುವ ಗ್ಲೂಟನ್ ಎಳ್ಳಷ್ಟು ಹೊಟ್ಟೆಗೆ ಹೋದರೂ ಮಗುವಿನ ಕರುಳು ತನ್ನ ಮೇಲೆ ತಾನೇ ಯುದ್ಧ ಸಾರುತ್ತದೆ. ಎರಡು ವರ್ಷದ ಹಿಂದೆ ಗಂಟಲಿಗೆ ಕೊಳವೆ ಇಳಿಸಿ ಡಾಕ್ಟರು ಅದನ್ನು ಕಂಡುಹಿಡಿದಿದ್ದರು. ಅಂದಿನಿಂದ ಈ ಮನೆಯ ಹೊಸಿಲು ದಾಟಿ ಗೋಧಿ ಒಳಗೆ ಬಂದಿರಲಿಲ್ಲ. ಗಂಡನಿಗೆ ಬನ್ನು ತಿನ್ನುವ ಚಪಲ ಬಂದರೆ ಬಸ್ ನಿಲ್ದಾಣದಲ್ಲೇ ನಿಂತು ತಿಂದು, ಅಂಗಿ ಕೊಡವಿ, ಬಾಯಿ ಮುಕ್ಕಳಿಸಿ, ಕಳ್ಳಬೆಕ್ಕಿನ ಹಾಗೆ ಮನೆ ಸೇರುತ್ತಿದ್ದ.

ಒಂದೂವರೆ ವರ್ಷ ಎಲ್ಲ ಸರಿಯಿತ್ತು. ಆಮೇಲೆ ರಕ್ತಪರೀಕ್ಷೆಯ ಅಂಕಿ ಮತ್ತೆ ಏರತೊಡಗಿತು. ಗುಬ್ಬಿ ಶಾಲೆಯಿಂದ ಹೊಟ್ಟೆ ಹಿಡಿದುಕೊಂಡು ಬರತೊಡಗಿದಳು.

"ಎಲ್ಲಿಂದಲೋ ಒಳಗೆ ಹೋಗ್ತಿದೆ," ಎಂದರು ಡಾಕ್ಟರು. "ಎಲ್ಲಿಂದ ಅಂತ ನೀವು ಹೇಳೋ ಹಾಗಿದ್ರೆ ಸರಿ. ಇಲ್ಲಾಂದ್ರೆ ಮುಂದಿನ ಶುಕ್ರವಾರ ಮತ್ತೆ ಕೊಳವೆ ಹಾಕಿ ನೋಡ್ಬೇಕಾಗುತ್ತೆ."

ಗುಬ್ಬಿ ಅಳಲಿಲ್ಲ. ಆಸ್ಪತ್ರೆಯಿಂದ ಮನೆಯವರೆಗೂ ಎರಡು ಕೈಯಲ್ಲಿ ಕತ್ತು ಹಿಡಿದುಕೊಂಡೇ ಕೂತಿದ್ದಳು.

ಹದಿನಾಲ್ಕು ವರ್ಷದಿಂದ ಔಷಧಿ ಚೀಟಿಯ ಇರುವೆಯಂಥ ಅಕ್ಷರ ಓದಿ ಪಳಗಿದ ಕಣ್ಣು ತಾಯಿಯದು. ಆಕೆ ಗಂಡನ ಜೇಬುಗಳನ್ನು ಒಳಹೊರಗು ಮಾಡಿ ನೋಡಿದಳು. ಟೂತ್‌ಪೇಸ್ಟಿನ ಮೇಲೆ ಬರೆದದ್ದನ್ನು ಓದಿದಳು, ಶಾಲೆಯ ಬಣ್ಣದ ಜೇಡಿಮಣ್ಣಿನ ಪೊಟ್ಟಣ ಓದಿದಳು. ನಾದಿನಿಯನ್ನು ಮಾತ್ರ ಓದಲಿಲ್ಲ. ಅಲ್ಲಿ ಓದುವಂಥದ್ದು ಏನೂ ಇಲ್ಲವೆಂದು ಮದುವೆಯಾದ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ನಾದಿನಿಯೂ ಗ್ಲೂಟನ್ ಬಿಟ್ಟವಳೇ. ರೋಗ ರುಜಿನ ಏನಿಲ್ಲ, ಕೆನ್ನೆ ಊದಿಕೊಂಡಿದೆ ಎಂದು ಯಾರೋ ಅಂದರಂತೆ, ಬಿಟ್ಟಳು. ಸೋಮವಾರದಿಂದ ಶುಕ್ರವಾರದವರೆಗೆ ಬಿಡುವುದು. ಶನಿವಾರ, ಭಾನುವಾರ ಕರುಳಿಗೆ ರಜೆ. ಇಷ್ಟು ತಪಸ್ಸಿನ ಬಲದ ಮೇಲೆ ಆಕೆ ಫೋನಿನಲ್ಲಿ ವಿಡಿಯೊ ಹಾಕಿ ಜಗತ್ತಿಗೆ ಪಾಠ ಹೇಳತೊಡಗಿದ್ದಳು: ಮಕ್ಕಳಿಗೂ ದೊಡ್ಡವರಿಗೂ ಗ್ಲೂಟನ್ ಇಲ್ಲದ ಊಟದ ಡಬ್ಬಿ, ಐದೇ ನಿಮಿಷದಲ್ಲಿ. ಆ ಐದು ನಿಮಿಷಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು. ತನ್ನ ಮನೆಯಲ್ಲಿ ಬೆಳಕು ಸಾಲದು ಎಂದು ಅಣ್ಣನ ಅಡುಗೆಮನೆಯ ಕಿಟಕಿಗೆ ಬಂದಳು. ಬಂದವಳು ಉಪಕಾರವನ್ನೂ ಮಾಡಿದಳು.

"ಅತ್ತಿಗೆ, ನೀವು ಡ್ಯೂಟಿಗೆ ಹೊರಡ್ಬೇಕು. ಗುಬ್ಬಿ ಡಬ್ಬಿ ನಂಗೆ ಬಿಡಿ."

ಅಕ್ಕಿ, ಮೊಟ್ಟೆ, ಕ್ಯಾರೆಟ್, ಬಾಳೆಹಣ್ಣು, ಎಲ್ಲ ಔಷಧಿ ಅಂಗಡಿಯಾಕೆ ತಾನೇ ತಂದಿಟ್ಟದ್ದು. ಇದರಲ್ಲಿ ಕೆಡಿಸುವುದಕ್ಕೂ ಬುದ್ಧಿ ಬೇಕು ಎಂದುಕೊಂಡು ಅತ್ತಿಗೆ ತಲೆ ಬಾಚಿಕೊಳ್ಳಲು ಹೋದಳು. ಆರು ತಿಂಗಳು ದಿನಾ ಹಾಗೇ ಹೋದಳು.

ಕೊಳವೆಗೆ ಎರಡು ದಿನ ಮುಂಚೆ, ಬುಧವಾರ, ನಾದಿನಿಗೆ ನೆಗಡಿಯಾಗಿ ದನಿ ಬಿದ್ದುಹೋಯಿತು. ದನಿಯಿಲ್ಲದೆ ಪಾಠವಿಲ್ಲ, ಪಾಠವಿಲ್ಲದ ಮೇಲೆ ಡಬ್ಬಿ ತುಂಬುವ ಪ್ರೀತಿಯೂ ಆ ದಿನ ಬರಲಿಲ್ಲ. ತಾಯಿಯೇ ಅನ್ನ ಹಾಕಿದಳು, ಮೊಟ್ಟೆ ಇಟ್ಟಳು, ಮುಚ್ಚಳ ಒತ್ತಿದಳು. ಎರಡು ನಿಮಿಷವೂ ಆಗಲಿಲ್ಲ.

ಗುಬ್ಬಿ ಮುಚ್ಚಳ ತೆಗೆದು ಇಣುಕಿ ನೋಡಿದಳು. "ಅಮ್ಮ, ದಿಂಬು ಇಟ್ಟಿಲ್ಲ."

"ಯಾವ ದಿಂಬೇ?"

"ಅತ್ತೆ ಕೆಳಗಡೆ ಇಡ್ತಾರಲ್ಲ, ಅದು. ವಿಡಿಯೊ ಆದ್ಮೇಲೆ ತೆಗೀತಾರೆ."

"ಏನದು? ಬಟ್ಟೆನಾ?"

"ಬ್ರೆಡ್ಡು." ತಾಯಿಯ ಮುಖ ನೋಡಿ ಗುಬ್ಬಿ ಬೇಗಬೇಗ ಹೇಳಿದಳು, "ನಾನು ತಿನ್ನಲ್ಲಮ್ಮ. ಅದು ತಿನ್ನೋ ಬ್ರೆಡ್ ಅಲ್ಲ, ಬರೀ ದಿಂಬು ಅಂತ ಅತ್ತೇನೇ ಹೇಳಿದ್ರು."

ತಾಯಿ ನಿಂತಲ್ಲೇ ಫೋನು ತೆಗೆದು ನಾದಿನಿಯ ವಿಡಿಯೊವನ್ನು ಮೊದಲ ಸಲ ನೋಡಿದಳು. ಅನ್ನ ಡಬ್ಬಿಯ ಅಂಚಿನವರೆಗೂ ಉಬ್ಬಿ ನಿಂತಿತ್ತು. ಇಷ್ಟು ಅನ್ನ ಗುಬ್ಬಿ ಮೂರು ದಿನಕ್ಕೂ ತಿನ್ನಲಾರಳು. ಕ್ಯಾರೆಟ್ ಹೂವಿನ ಪಕ್ಕದಲ್ಲಿ, ಅನ್ನದ ಅಡಿಯಿಂದ, ಕಂದು ಬಣ್ಣದ ಒಂದು ಅಂಚು ಇಣುಕುತ್ತಿತ್ತು. ಇನ್ನೊಂದು ವಿಡಿಯೊ ನೋಡಿದಳು. ಅಲ್ಲೂ ಇತ್ತು.

ಕರೆ ಕಳಿಸಿದಾಗ ನಾದಿನಿ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಂದಳು. ತಪ್ಪೇನು ಎಂದು ಆಕೆಗೆ ನಿಜವಾಗಿಯೂ ಹೊಳೆಯಲಿಲ್ಲ.

"ತುಂಬಿದ ಹಾಗೆ ಕಾಣ್ಲಿ ಅಂತ ಅತ್ತಿಗೆ," ಎಂದಳು ಉಳಿದಿದ್ದ ಅರ್ಧ ದನಿಯಲ್ಲಿ. "ಅನ್ನ ತಳದಲ್ಲಿ ಕೂತ್ಬಿಟ್ರೆ ಯಾರು ನೋಡ್ತಾರೆ? ಬ್ರೆಡ್ ನಮ್ಮನೆಯಿಂದ ಚೀಲದಲ್ಲಿ ತರ್ತೀನಿ, ವಿಡಿಯೊ ಆದ ತಕ್ಷಣ ತೆಗೆದುಬಿಡ್ತೀನಿ. ಮೇಲಿನ ಅನ್ನ ಹಾಗೇ ಕೆಳಗಿಳಿಯುತ್ತೆ."

"ತೆಗೆದದ್ದನ್ನ ಏನ್ ಮಾಡ್ತೀಯ?"

"ತಿಂತೀನಿ. ಅನ್ಯಾಯವಾಗಿ ಬಿಸಾಕೋದಾ?"

"ಸೋಮವಾರಾನೂ?"

ನಾದಿನಿ ಮಫ್ಲರ್ ಸರಿಮಾಡಿಕೊಂಡಳು. "ಒಂದು ಚೂರು ಅಂಟಿಕೊಂಡಿರಬಹುದು ಅತ್ತಿಗೆ. ಚೂರು ತಾನೆ."

ಗಂಡ ಬಾಗಿಲಲ್ಲಿ ನಿಂತು, "ಪಾಪ, ಪ್ರೀತಿಯಿಂದ ಮಾಡಿದ್ದು," ಎಂದ. ತಂಗಿಯ ಪರವಾಗಿ, ಅವಳು ಹುಟ್ಟಿದಾಗಿನಿಂದ ಆತ ಹೇಳಿಕೊಂಡು ಬಂದ ಮಾತು. ಈ ಸಲವೂ ಅದನ್ನೇ ಬಳಸಿದ.

ಔಷಧಿ ಅಂಗಡಿಯಾಕೆ ಕೂಗಾಡಲಿಲ್ಲ. ಇವಳಿಗೆ ಬುದ್ಧಿಯಿಲ್ಲವೆಂದು ತನಗೆ ಮೊದಲೇ ಗೊತ್ತಿತ್ತು. ಬುದ್ಧಿಯಿಲ್ಲದವಳ ಕೈಗೆ ಮಗುವಿನ ಡಬ್ಬಿ ಕೊಟ್ಟು ಕನ್ನಡಿ ಮುಂದೆ ನಿಂತಿದ್ದವಳು ತಾನು. ಆರು ತಿಂಗಳಲ್ಲಿ ಒಂದು ದಿನ ಆ ಐವತ್ತು ನಿಮಿಷ ನಿಂತು ನೋಡಿದ್ದರೆ ಸಾಕಿತ್ತು. ತಾತ್ಸಾರ ಮಾಡುವ ಸುಖಕ್ಕೆ ಅದೊಂದನ್ನು ಮಾಡಲಿಲ್ಲ. ಆ ಯೋಚನೆ ಹಿತವಾಗಿರಲಿಲ್ಲವಾದ್ದರಿಂದ ಆಕೆ ಡಾಕ್ಟರಿಗೆ ಫೋನು ಮಾಡಿದಳು.

ಡಾಕ್ಟರು ಕೇಳಿಸಿಕೊಂಡರು. ಬಹುಶಃ ನಗು ತಡೆದುಕೊಂಡರು. "ಹಾಗಾದ್ರೆ ಶುಕ್ರವಾರ ಬೇಡ," ಎಂದರು. "ಮೂರು ತಿಂಗಳು ದಿಂಬಿಲ್ಲದೆ ನೋಡೋಣ. ಅಂಕಿ ಇಳಿದ್ರೆ ಕೊಳವೆ ಮಾತೇ ಇಲ್ಲ."

ಪಕ್ಕದಲ್ಲೇ ಕತ್ತು ಹಿಡಿದು ನಿಂತು ಕೇಳುತ್ತಿದ್ದ ಗುಬ್ಬಿ ಕೈ ತೆಗೆದಳು.

ಅಂದಿನಿಂದ ಡಬ್ಬಿ ಬೋಳುಬೋಳಾಗಿ ಹೋಯಿತು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ತಳದಲ್ಲೇ ಕೂತ ಅನ್ನ. ಗಂಡನಿಗೂ ಅದೇ, ತನಗೂ ಅದೇ. ಮೂರು ಡಬ್ಬಿಗೆ ಆರು ನಿಮಿಷ. ನೋಡಿದರೆ ಯಾರಿಗೂ ಹೊಟ್ಟೆಕಿಚ್ಚು ಬರುವಂತಿರಲಿಲ್ಲ. ಹೊಟ್ಟೆನೋವೂ ನಿಂತಿತು.

ಮೂರು ತಿಂಗಳಿಗೆ ಅಂಕಿ ಅರ್ಧಕ್ಕಿಳಿಯಿತು. ಫಲಿತಾಂಶ ಬಂದ ಸಂಜೆಯೇ ಗಂಡ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದ, ಕಣ್ಣಲ್ಲಿ ನೀರು. ಫೋನಿನಲ್ಲಿ ತಂಗಿ, ತನ್ನ ಮನೆಯ ಮಂಕು ಬೆಳಕಿನಲ್ಲಿ, ಬಣ್ಣದ ತುಟಿಯಲ್ಲಿ ಹೇಳುತ್ತಿದ್ದಳು: ನನ್ನ ಅಣ್ಣನ ಮಗಳ ರಕ್ತ ಸರಿಹೋದ ಗುಟ್ಟು ಈ ಡಬ್ಬಿಯಲ್ಲಿದೆ.

"ಎಷ್ಟು ಅಭಿಮಾನ ನೋಡು," ಎಂದ ಗಂಡ.

ಔಷಧಿ ಅಂಗಡಿಯಾಕೆ ಈ ಸಲ ಕೊನೆಯವರೆಗೂ ನೋಡಿದಳು. ಗುಬ್ಬಿ ಅಮ್ಮನ ತೋಳಿನ ಕೆಳಗಿನಿಂದ ತೂರಿ ಬಂದು ತಾನೂ ನೋಡಿದಳು.

"ಅಮ್ಮ, ದಿಂಬು ಕಾಣ್ತಿದೆ."

"ಕಾಣ್ಲಿ ಬಿಡು," ಎಂದಳು ತಾಯಿ. "ನಿನ್ನ ಡಬ್ಬಿ ತೊಳೆಯೋಕೆ ಹಾಕಿದ್ಯಾ?"