ಬಾಗಿಲಿಗೆ ಇನ್ನು ಮೂರು ಮೆಟ್ಟಿಲು

ಮೆಣಸಿನಕಾಯಿ ಸುಡುವ ವಾಸನೆ, ದಪ್ಪ ಕೆಂಪು ಮೆಣಸಿನಕಾಯಿ, ಸೆಪ್ಟೆಂಬರ್ ಬಂತೆಂದರೆ ರೂಸೆ ಪಟ್ಟಣದ ಬಾಲ್ಕನಿಗಳೆಲ್ಲ ಹೀಗೇ, ಬಾಗಿಲ ಸಂದಿಯಿಂದ ಒಳಗೆ ನುಸುಳುವ ಇಷ್ಟೇ ಹೊರಗು ನನ್ನ ಪಾಲಿಗೆ, ಎರಡು ವರ್ಷದಿಂದ ಇಷ್ಟೇ — ಏನದು ಸದ್ದು, ಮೆಟ್ಟಿಲ ಮೇಲೆ ಭಾರವಾದದ್ದೇನೋ ಉರುಳಿತು, ಅಯ್ಯೋ ನೆವ್ಯಾನಾ, ಬಾರೇ, ನನ್ನನ್ನೇ ಕರೆಯುವ ತ್ಸೋಂಕಾ ಅತ್ತೆಯ ದನಿ, ಎದುರು ಮನೆಯ ತ್ಸೋಂಕಾ ಅತ್ತೆ, ದಿನಾ ನನ್ನ ಬ್ರೆಡ್ಡು ಮೊಸರು ತಂದುಕೊಟ್ಟು, ಏನೇ, ಬೀದಿ ನಿನ್ನ ನುಂಗಿಬಿಡುತ್ತಾ, ನನ್ನಂಥ ಮುದುಕೀನೇ ಅಗಿಯೋಕಾಗದೆ ಉಗಿದಿದೆ ಕಣೇ, ಎಂದು ನಗುವವಳು. ಫೋನು ಮಾಡಿದೆ, ಆಂಬುಲೆನ್ಸ್ ಬರುತ್ತದಂತೆ, ಕೆಳಗಿನ ಬಾಗಿಲು ತೆಗೆದಿಡಿ ಎಂದಳು ಫೋನಿನ ಹುಡುಗಿ, ಮೇಲಿಂದಲೇ ತೆಗೆಯುವ ಗುಂಡಿ ಕೆಟ್ಟು ತಿಂಗಳಾಯಿತು, ಈ ಕಟ್ಟಡದ ಉಳಿದ ಮನೆಯವರೆಲ್ಲ ಹಳ್ಳಿಗೆ ಹೋಗಿದ್ದಾರೆ, ಇರುವುದು ನಾನೊಬ್ಬಳೇ, ನಾನು, ಹೊಸ್ತಿಲು ಕಂಡರೆ ಬೆವರುವವಳು. ಟ್ರಾಲಿಬಸ್ಸಿನಲ್ಲಿ ಎದೆ ಬಿಗಿದು ಕುಸಿದ ದಿನ, ಮೇಲೆ ಬಾಗಿದ ಅಷ್ಟೊಂದು ಮುಖಗಳು, ಕುಡಿದವಳೆ ಬಿಡ್ರೀ ಎಂದ ಒಬ್ಬ, ಒದ್ದೆಯಾದ ನನ್ನ ಲಂಗ, ಯಾರೋ ಕಿಸಕ್ಕೆಂದದ್ದು — ಆಮೇಲೆ ಅಂಗಡಿಯಿಲ್ಲ, ಕೆಲಸವಿಲ್ಲ, ಅಮ್ಮನ ಮಣ್ಣಿಗೂ ಹೋಗಲಿಲ್ಲ. ಇವತ್ತು ಹೊಸ್ತಿಲು ದಾಟಿದ್ದೇನೆ, ಕಂಬಿ ಹಿಡಿದು, ಗೋಡೆಗೆ ಭುಜ ಒತ್ತಿ, ಒಂದು, ಎರಡು, ತಿರುವಿನಲ್ಲಿ ಅತ್ತೆ, ತಲೆಯ ಕೆಳಗೆ ಕಪ್ಪಗೆ ಹರಡಿದ ರಕ್ತ, ಬಂದ್ಯಾ, ನೋಡು ಬಂದೇಬಿಟ್ಟೆ, ನಾನು ಬೀಳಬೇಕಾಯ್ತು ನೋಡು ನಿನ್ನ ಹೊರಗೆ ತರೋಕೆ, ನಗಲು ಹೋಗಿ ಕೆಮ್ಮಿದಳು. ಕೈ ಹಿಡಿದೆ, ತಣ್ಣಗಿತ್ತು. ಕೆಳಗೆ ಬಾಗಿಲು ದಬದಬ, ಯಾರಿದೀರಾ, ತೆಗೀರಿ, ಹೋಗೇ ಮಗಳೇ ಎಂದಳು ಅತ್ತೆ, ಬೆರಳೊಂದೊಂದಾಗಿ ಅವಳೇ ಬಿಡಿಸಿಕೊಂಡಳು, ಬಿಡಿಸಿಕೊಂಡ ಕೈ ಅಂಗೈ ಮೇಲಾಗಿ ಮೆಟ್ಟಿಲ ಮೇಲೆ ಹಾಗೇ.

ಇಳಿಯುತ್ತಿದ್ದೇನೆ, ಎರಡನೆಯ ಮಹಡಿ, ಮೊದಲನೆಯದು, ಕೊನೆಗೆ ಬಾಗಿಲು, ಗಾಜಿನಾಚೆ ಬಿಳಿ ಬಿಸಿಲು, ಆಂಬುಲೆನ್ಸಿನ ಇಬ್ಬರು ಗಂಡಸರ ಮುಖ, ಅವರ ಹಿಂದೆ ಬೀದಿ ಜನ, ಗಾಜಿಗೆ ಹಣೆ ಒತ್ತಿ ನನ್ನನ್ನೇ ನೋಡುತ್ತಿದ್ದಾರೆ, ಮತ್ತೆ ಅವೇ ಮುಖಗಳು, ಯಮ್ಮಾ, ಕಾಣ್ತಿದೀರಲ್ಲ, ಚಿಲಕ ತೆಗೀರಿ, ಇನ್ನು ಮೂರೇ ಮೆಟ್ಟಿಲು, ಕಾಲು ಬರುತ್ತಿಲ್ಲ, ಕಾಲು ನನ್ನದಲ್ಲ, ಕಿವಿಯಲ್ಲಿ ಗುಂಯ್, ಕೂತುಬಿಟ್ಟೆ, ತೆಗೀತೀನಿ, ತೆಗೀತೀನಿ ಎಂದೆ, ದನಿ ಹೊರಡಲಿಲ್ಲ, ಎಷ್ಟು ಹೊತ್ತೋ, ಗಾಜು ಒಡೆಯಿತು, ಬೂಟುಗಳು ನನ್ನ ಪಕ್ಕದಿಂದ ದಡದಡ ಮೇಲಕ್ಕೆ. ತಿರುವಿನಲ್ಲಿ ಬೂಟುಗಳು ನಿಂತವು. ಒಬ್ಬ ಇಳಿದು ಬರುತ್ತಿದ್ದಾನೆ, ಅವಸರವೇ ಇಲ್ಲದೆ, ಒಂದೊಂದೇ ಮೆಟ್ಟಿಲು, ಟೋಪಿ ಕೈಯಲ್ಲಿ, ನಿಮಗೇನಾಗ್ಬೇಕು ಅವರು ಎಂದ, ಏನಾಗಬೇಕು, ಏನಾಗಬೇಕು ಅವಳು ನನಗೆ, ಬಿಡಿಸಿಕೊಂಡ ಆ ಕೈ, ಮೆಟ್ಟಿಲ ಮೇಲೆ ಅಂಗೈ ಮೇಲಾಗಿ, ಹಾಗೇ, ಆ ಕೈ