ಮೂರನೇ ಗೇರಿನಲ್ಲಿ ಎರಡು ಬೆರಳು

ಮೇಸ್ತ್ರಿ ಕಟ್ಟಿದ ಗೋಡೆ ಎಷ್ಟು ನೆಟ್ಟಗಿರುತ್ತಿತ್ತೆಂದರೆ, ಅದರ ಮೇಲೆ ಹರಿಯಲು ಬಂದ ಹಲ್ಲಿಯೂ ಒಮ್ಮೆ ನಿಂತು ಬೆನ್ನು ಸರಿಮಾಡಿಕೊಂಡೇ ಮುಂದೆ ಹೋಗುತ್ತಿತ್ತು. ನಲವತ್ತು ವರ್ಷದ ಕಸುಬು. ಆ ನಲವತ್ತು ವರ್ಷದಲ್ಲಿ ಆತ ಮರಳು ತರುವವನ ಮಾತನ್ನು ಅನುಮಾನಿಸಿದ್ದುಂಟು, ಮನೆ ಕಟ್ಟಿಸುವವರ ಮಾತನ್ನು ಅನುಮಾನಿಸಿದ್ದುಂಟು, ಕನ್ನಡಕ ಬಂದ ಮೇಲೆ ತನ್ನ ಕಣ್ಣನ್ನೇ ಅನುಮಾನಿಸಿದ್ದುಂಟು. ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ತೂಗುಗುಂಡನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ. ಅದನ್ನು ಇಳಿಬಿಟ್ಟರೆ ಅದು ತೋರಿಸಿದ್ದೇ ಕೆಳಗು. ಅದರ ಮೇಲೆ ಅಪೀಲಿಲ್ಲ.

ಅಂಥವನ ಮಗಳು ಇಟ್ಟಿಗೆ ಮೇಲೆ ಇಟ್ಟಿಗೆ ಇಡುವುದು ಬಿಟ್ಟು ಗೇರ್ ಮೇಲೆ ಗೇರ್ ಹಾಕುವುದನ್ನು ಕಲಿತಳು. ಕೊಟ್ಟ ಮನೆಯೂ ಹಾಗೇ ಸಿಕ್ಕಿತು. ಅಳಿಯ ಇಂಜಿನ್ ಬಿಚ್ಚುವುದರಲ್ಲಿ ನಿಸ್ಸೀಮ, ಆದರೆ ಕಾರು ಅರವತ್ತು ದಾಟಿದರೆ ಕಣ್ಣು ಮುಚ್ಚಿಕೊಳ್ಳುವ ಪುಣ್ಯಾತ್ಮ. ಗ್ಯಾರೇಜು ಅವನ ತಾಯಿಯದು, ಅಂದರೆ ಮೇಸ್ತ್ರಿಯ ಬೀಗಿತ್ತಿಯದು. ಆಕೆ ಒಂದು ಸಲ ಗದರಿದರೆ ತುಕ್ಕು ಹಿಡಿದ ನಟ್ಟೂ ತಾನಾಗಿ ಬಿಚ್ಚಿಕೊಳ್ಳುತ್ತದೆ ಎನ್ನುತ್ತಿದ್ದರು. ಆರು ವರ್ಷ ಕೂಡಿ ಮೂವರೂ ಒಂದು ರೇಸ್ ಕಾರು ಮಾಡಿದ್ದರು. ಎರಡು ಕಾರು ಒಂದು ಗೀಟಿನ ಹಿಂದೆ ನಿಲ್ಲುವುದು, ನೇರ ನಾನೂರು ಮೀಟರ್ ಓಡುವುದು, ಮೊದಲು ಮುಟ್ಟಿದವರು ಗೆದ್ದಂತೆ. ಇಷ್ಟೇ ಆಟ. ನೀವು ಎರಡು ಸಲ ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ.

ಆ ಬುಧವಾರ ಮೇಸ್ತ್ರಿ ಗ್ಯಾರೇಜಿನ ಹಿಂಬದಿಯ ಗೋಡೆಗೆ ಗಾರೆ ಬಳಿಯುತ್ತಿದ್ದ. ಬೀಗಿತ್ತಿ ಸ್ಟಾಪ್‌ವಾಚ್ ಹಿಡಿದು ಒಳಗೆ ಬಂದಳು. ಹಿಂದೆ ಮಗಳು.

"ಹದಿನಾಲ್ಕು ಪಾಯಿಂಟ್ ಎರಡು," ಎಂದಳು ಬೀಗಿತ್ತಿ. "ಹೋದ ತಿಂಗಳೂ ಅದೇ, ಈ ತಿಂಗಳೂ ಅದೇ. ಭಾನುವಾರದ ರೇಸಿಗೆ ಹದಿನಾಲ್ಕು ಸೆಕೆಂಡಿನ ಒಳಗೆ ಓಡೋ ಗಾಡಿಗಳನ್ನ ಮಾತ್ರ ಬಿಡ್ತಾರೆ. ಗೊತ್ತಲ್ಲ?"

"ಗೊತ್ತು ಅತ್ತೆ."

"ಶನಿವಾರ ಬೆಳಗ್ಗೆ ನಿಂಗೆ ಮೂರು ಓಟ. ಒಂದಾದ್ರೂ ಹದಿನಾಲ್ಕರ ಒಳಗೆ ಬಂದ್ರೆ ಸೀಟು ನಿಂದು. ಇಲ್ಲಾಂದ್ರೆ ಸಿಡಿಲಿಗೆ ಕೊಡ್ತೀನಿ. ಆಮೇಲೆ ಅತ್ತೆ ಕೆಟ್ಟೋಳು ಅನ್ಬೇಡ."

ಸಿಡಿಲು ಎಂದರೆ ಎದುರು ಬೀದಿಯ ಡ್ರೈವರ್. ಹೆಸರು ಊರವರು ಇಟ್ಟದ್ದೋ ಅವನೇ ಇಟ್ಟುಕೊಂಡದ್ದೋ ಹೇಳುವವರಿಲ್ಲ.

ಮಗಳು ಸ್ಪ್ಯಾನರ್ ತೆಗೆದುಕೊಂಡು, ಆಗಲೇ ಬಿಗಿಯಾಗಿದ್ದ ಒಂದು ನಟ್ಟನ್ನು ಮತ್ತೆ ಮತ್ತೆ ಬಿಗಿ ಮಾಡತೊಡಗಿದಳು. ಅದನ್ನು ನೋಡಿ ಮೇಸ್ತ್ರಿಯ ಕೈಯಲ್ಲಿದ್ದ, ಗಾರೆ ಬಳಿಯುವ ಕರಣೆ ನಿಂತುಹೋಯಿತು. ಈ ಕರಣೆಯನ್ನು ಯಾರಾದರೂ ಕಿತ್ತುಕೊಂಡು ಬೇರೆಯವನ ಕೈಗೆ ಕೊಟ್ಟರೆ ತನಗೆ ಏನಾಗುತ್ತದೆ ಎಂದು ಯೋಚಿಸಿದ. ಯೋಚಿಸಬಾರದಿತ್ತು, ಗಾರೆಯೆಲ್ಲ ಗಟ್ಟಿಯಾಗಿಹೋಯಿತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಅಳಿಯನನ್ನು ಕೇಳಿದ. "ಅಳಿಯಂದ್ರೇ, ಇಂಜಿನ್ನಲ್ಲಿ ಏನಾದ್ರೂ ಕುಂದಿದೆಯಾ?"

"ಒಂದು ಕೂದಲಷ್ಟೂ ಇಲ್ಲ ಮಾವ. ಮೀಟರ್ ಮುಳ್ಳು ಏಳು ಸಾವಿರ ಸುತ್ತಿಗೆ ಹೋಗಿ ಕೆಂಪು ಗೀಟು ಮುಟ್ಟೋವರೆಗೂ ಇವಳು ಪ್ರತಿ ಗೇರನ್ನೂ ಎಳೀತಾಳೆ. ಅದಕ್ಕಿಂತ ಜಾಸ್ತಿ ಎಳೆದ್ರೆ ಪಿಸ್ಟನ್ ಬಂದು ನನ್ನ ಮಡಿಲಲ್ಲಿ ಕೂರುತ್ತೆ."

"ಎಳೆಯೋದು ಅಂದ್ರೆ? ಕೂಗೋದಾ, ತಳ್ಳೋದಾ?"

"ಎರಡೂ ಒಂದೇ ಅಲ್ವಾ?"

"ಅದ್ಹೇಗೆ ಒಂದೇ? ನನ್ನ ಹತ್ರ ಒಬ್ಬ ಆಳಿದ್ದ. ಕಲ್ಲು ಎತ್ತೋವಾಗ ಅವನ ಕೂಗು ಮೂರು ಬೀದಿಗೆ ಕೇಳ್ತಿತ್ತು. ಎತ್ತುತಾ ಇದ್ದಿದ್ದು ಮಾತ್ರ ಅವನ ಪಕ್ಕದೋನು."

ಮಗಳು ಅನ್ನದ ತುತ್ತನ್ನು ಬಾಯಿಗೆ ಹಾಕದೆ ಹಾಗೇ ಹಿಡಿದುಕೊಂಡಳು. "ಅಪ್ಪಾ, ಮೂರನೇ ಗೇರಿನ ಕೊನೇಲಿ ಸೀಟು ಬೆನ್ನನ್ನ ಒತ್ತೋದು ಕಡಿಮೆ ಆದಂಗೆ ನಂಗೂ ಅನ್ಸುತ್ತೆ. ಆದ್ರೆ ಸದ್ದು ಏರ್ತಾನೇ ಇರುತ್ತಲ್ಲ, ಗೇರ್ ಬದಲಾಯಿಸಕ್ಕೆ ಮನಸ್ಸು ಬರಲ್ಲ. ಎಷ್ಟು ಕಡಿಮೆ ಆಗುತ್ತೆ, ಯಾವಾಗಿಂದ ಕಡಿಮೆ ಆಗುತ್ತೆ, ಬೆನ್ನಿಗೆ ಹೇಗೆ ಗೊತ್ತಾಗ್ಬೇಕು?"



ಊಟವಾದ ಮೇಲೆ ಸಿಮೆಂಟ್ ತರಲು ಅಪ್ಪ ಮಗಳಿಬ್ಬರೂ ಅದೇ ರೇಸ್ ಕಾರಿನಲ್ಲಿ ಹೊರಟರು. ಚೀಲದೊಳಗೆ ದಾರ ಗಂಟುಬೀಳುತ್ತದೆಂದು ಮೇಸ್ತ್ರಿ ತೂಗುಗುಂಡನ್ನು ಬಾಗಿಲ ಮೇಲಿನ ಹಿಡಿಕೆಗೆ ನೇತುಹಾಕಿದ. ರಸ್ತೆ ಖಾಲಿಯಿತ್ತು. ಮಗಳಿಗೆ ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಕ್ಸಿಲರೇಟರ್ ಒತ್ತಿದಳು ನೋಡಿ ಒಂದು ಸಲ!

ಗುಂಡು ಹಿಂದಕ್ಕೆ ವಾಲಿತು.

ವಾಲಿದ್ದು ದೊಡ್ಡದಲ್ಲ, ಹೊರಡುವಾಗ ಯಾವುದಾದರೂ ವಾಲುತ್ತದೆ. ಇದು ವಾಪಸ್ಸು ಬರಲಿಲ್ಲ. ಸ್ವಲ್ಪ ತೂಗಾಡಿ, ಗಾಳಿಯಲ್ಲಿ ಓರೆಯಾಗಿ, ಯಾರೋ ಕಾಣದ ಬೆರಳಿನಿಂದ ಎಳೆದು ಹಿಡಿದ ಹಾಗೆ ನಿಂತುಬಿಟ್ಟಿತು. ಮೇಸ್ತ್ರಿ ಕೂಗಿಕೊಂಡ.

"ನಿಲ್ಸು! ನಿಲ್ಸು ಅಂದೆ!"

ಇಳಿದವನೇ ರಸ್ತೆಯ ಮಧ್ಯೆ ಕುಕ್ಕರಗಾಲಿನಲ್ಲಿ ಕೂತು, ಗಾಜಿನೊಳಗೆ ಗುಳ್ಳೆಯಿರುವ ತನ್ನ ಮಟ್ಟದ ಪಟ್ಟಿಯನ್ನು ಡಾಂಬರಿನ ಮೇಲಿಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ರಸ್ತೆ ಇಳಿಜಾರೂ ಅಲ್ಲ, ಏರೂ ಅಲ್ಲ. ಹಿಂದೆ ಬಂದ ಲಾರಿಯವನು ಹಾರ್ನ್ ಒತ್ತಿ, "ತಾತಾ, ಇಲ್ಲೇ ಮನೆ ಕಟ್ತೀಯಾ?" ಎಂದು ಬೈದು ಪಕ್ಕದಲ್ಲಿ ಹೋದ. ಮೇಸ್ತ್ರಿಗೆ ಅದೊಂದೂ ಕೇಳಲಿಲ್ಲ.

"ನಲವತ್ತು ವರ್ಷ," ಎಂದ. "ನಲವತ್ತು ವರ್ಷ ಇದು ಸುಳ್ಳು ಹೇಳಿಲ್ಲ ಮಗಾ. ಈಗ ಹೇಳ್ತಾ ಇದೆ."

ಮಗಳು ಸ್ಟೀರಿಂಗ್ ಹಿಡಿದೇ ಗುಂಡನ್ನು ನೋಡುತ್ತಿದ್ದಳು. ಅದು ಈಗ ಸಾಧುವಿನ ಹಾಗೆ ನೆಟ್ಟಗೆ ತೂಗುತ್ತಿತ್ತು.

"ಸುಳ್ಳಲ್ಲ ಅಪ್ಪಾ," ಎಂದಳು ಮೆಲ್ಲಗೆ. "ಕಾರು ನಮ್ಮನ್ನ ಎಷ್ಟು ಜೋರಾಗಿ ತಳ್ಳುತ್ತೋ ಅದು ಅಷ್ಟು ವಾಲುತ್ತೆ. ತಳ್ಳೋದು ಕಡಿಮೆ ಆದ್ರೆ ವಾಲೋದೂ ಕಡಿಮೆ. ಅಪ್ಪಾ... ನನ್ನ ಬೆನ್ನಿಗೆ ಸಿಗದೇ ಇದ್ದ ಅಳತೆ ಇದೇ!"

ಸಿಮೆಂಟ್ ತರುವುದು ಮರೆತೇಹೋಯಿತು.

ಗುರುವಾರ ಬೆಳಗ್ಗೆ ಎಲ್ಲರೂ ಊರಾಚೆಯ ಹಳೆಯ ರನ್‌ವೇಗೆ ಹೋದರು. ವಿಮಾನಗಳು ಬಿಟ್ಟುಹೋದ ಮೇಲೆ ಕಾರಿನವರು ಹಿಡಿದುಕೊಂಡಿದ್ದ ಜಾಗ. ಮುಂದಿನ ಪಕ್ಕದ ಸೀಟು ಬಿಚ್ಚಿ, ಆ ಜಾಗದಲ್ಲಿ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, ಅದರ ಮುಂದೆ ಗುಂಡು ಇಳಿಬಿಟ್ಟಿದ್ದರು. ಮೇಸ್ತ್ರಿ ಹಿಂದೆ ಕೂತ, ಕಿವಿಯ ಮೇಲೆ ಪೆನ್ಸಿಲು. ಮೊದಲ ಓಟದಲ್ಲಿ ಗುಂಡು ಕುಡಿದವನ ಹಾಗೆ ಓಲಾಡಿ ಒಂದು ಗುರುತೂ ಹಾಕಲು ಬಿಡಲಿಲ್ಲ.

"ಇದಕ್ಕೆ ನನ್ನ ಹತ್ರ ಮದ್ದಿದೆ," ಎಂದ ಮೇಸ್ತ್ರಿ. "ಎತ್ತರದ ಗೋಡೆ ಹತ್ರ ಗಾಳಿ ಬೀಸಿ ಗುಂಡು ಓಲಾಡಿದ್ರೆ ನಾವು ಅದನ್ನ ಬಕೆಟ್ ನೀರಲ್ಲಿ ಮುಳುಗಿಸ್ತೀವಿ. ಸುಮ್ಮನಾಗುತ್ತೆ."

ನೀರಿನ ಬದಲು ಅಳಿಯ ಗೇರ್ ಆಯಿಲ್ ಕೊಟ್ಟ. ಅಗಲವಾದ ಬಣ್ಣದ ಡಬ್ಬದಲ್ಲಿ ಅರ್ಧದವರೆಗೆ ಸುರಿದು, ಗುಂಡನ್ನು ಅದರೊಳಗೆ ಇಳಿಬಿಟ್ಟರು. ದಾರ ಹಲಗೆಯ ಮುಂದೆ ಗೀಟು ಎಳೆದ ಹಾಗೆ ನಿಂತಿತು.

ಬೀಗಿತ್ತಿ ಕಿಟಕಿಯಲ್ಲಿ ಇಣುಕಿ ನೋಡಿದಳು. "ಬೀಗರೇ, ಬಾಣಲೆ ಒಂದು ಕಮ್ಮಿ ಇದೆ. ಇಟ್ಟಿದ್ರೆ ಒಂದಿಷ್ಟು ಬೋಂಡ ಕರಿದು ತಿನ್ಬಹುದಿತ್ತು."

"ನಾನು ಹತ್ತಿದ್ರೆ ಗಾಡಿಗೆ ತೂಕ ಜಾಸ್ತಿ, ಲೆಕ್ಕ ತಪ್ಪಲ್ವಾ ಮಗಾ?" ಎಂದು ಮೇಸ್ತ್ರಿಗೆ ಇನ್ನೊಂದು ಚಿಂತೆ.

"ಎಲ್ಲಾ ಗೇರೂ ನಿನ್ನ ಹೊರ್ಲೇಬೇಕಲ್ಲಪ್ಪಾ. ಒಂದಕ್ಕೆ ಮೋಸ ಆದ್ರೆ ಇನ್ನೊಂದಕ್ಕೂ ಅಷ್ಟೇ ಮೋಸ."

ಒಂದು ಓಟಕ್ಕೆ ಒಂದೇ ಗೇರು. ಮಗಳು ಮುಳ್ಳು ನೋಡಿ, "ಮೂರು ಸಾವಿರ! ಮೂರೂವರೆ! ನಾಲ್ಕು!" ಎಂದು ಕೂಗುವುದು, ಆ ಕ್ಷಣದಲ್ಲಿ ದಾರ ಇದ್ದ ಕಡೆ ಮೇಸ್ತ್ರಿ ಪೆನ್ಸಿಲ್ ಗೀರುವುದು. ಮೊದಲನೇ ಗೇರು ಹಿಡಿಯಿತು. ಕಾರು ಬಿಟ್ಟ ವೇಗಕ್ಕೆ ಅದರ ನೆರಳು ಒಂದು ಗಳಿಗೆ ಗೀಟಿನ ಹಿಂದೆಯೇ ಉಳಿದು, ಆಮೇಲೆ ಎದ್ದುಬಿದ್ದು ಓಡಿಬಂತು. ದಾರ ಒಂಬತ್ತು ಬೆರಳಗಲ ಹಿಂದಕ್ಕೆ ಹೋಗಿ ನಿಂತಿತು. ಡಬ್ಬದೊಳಗಿನ ಎಣ್ಣೆಯೂ ತುಳುಕಲಿಲ್ಲ. ಅದರ ಇಡೀ ಮೇಲ್ಮೈಯೇ ಓರೆಯಾಗಿ, ಬೆಟ್ಟದ ಇಳಿಜಾರಿನ ಹಾಗೆ ನಿಂತುಕೊಂಡಿತು. ಕಿಟಕಿಯಾಚೆ ನೆಲ ಚಪ್ಪಟೆ. ಒಳಗೆ ಎಣ್ಣೆ, ದಾರ, ಹಿತ್ತಾಳೆ ಮೂರೂ ಒಂದೇ ಮಾತು ಹೇಳುತ್ತಿದ್ದವು: ಕೆಳಗು ಇಲ್ಲಿದೆ, ಇಲ್ಲಿ, ನಿನ್ನ ಬೆನ್ನ ಹಿಂದೆ.

ಮೇಸ್ತ್ರಿಗೆ ತಾನು ಕಟ್ಟಿದ ಗೋಡೆಗಳೆಲ್ಲ ಕಣ್ಣ ಮುಂದೆ ಬಂದವು. ಅವು ನಿಂತ ನೆಲವೇ ಹೀಗೆ ಹೊರಟುಬಿಟ್ಟಿದ್ದರೆ ಅವನ್ನು ಯಾವ ಓರೆಗೆ ಕಟ್ಟಬೇಕಿತ್ತು! ಇಷ್ಟು ದೊಡ್ಡದನ್ನು, ಕೆಳಗು ಎನ್ನುವುದನ್ನೇ, ತನ್ನ ಮಗಳು ಬಲಗಾಲಿನ ಹೆಬ್ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದಾಳೆ. ತಾನು ಎತ್ತಿ ಆಡಿಸಿದ ಕೂಸಿನ ಕಾಲು ಅದು.

"ಅಪ್ಪಾ, ಗೀರಿದ್ಯಾ?"

"ಆಂ? ಇಲ್ಲ ಮಗಾ... ಬಾಯಿ ಬಿಟ್ಕೊಂಡು ಕೂತಿದ್ದೆ. ಇನ್ನೊಂದು ಸಲ ಹೊಡಿ."

ಸಂಜೆಯ ಹೊತ್ತಿಗೆ ಹಲಗೆ ತುಂಬ ಗೀರು. ಗ್ಯಾರೇಜಿನ ಬೆಂಚಿನ ಮೇಲಿಟ್ಟು ಮೂವರೂ ಬಗ್ಗಿ ನೋಡಿದರು. ಒಂದನೇ ಗೇರು ಏಳು ಸಾವಿರದಲ್ಲಿ ಆರು ಬೆರಳು. ಆಗ ಎರಡಕ್ಕೆ ಹಾಕಿದರೆ ಸುತ್ತು ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ಅಲ್ಲಿ ಐದೂವರೆ ಬೆರಳು. ಹಾಗಾದರೆ ಒಂದನ್ನು ಕೆಂಪು ಗೀಟಿನವರೆಗೂ ಎಳೆಯುವುದೇ ಸರಿ. ಎರಡನೇ ಗೇರು ಏಳರಲ್ಲಿ ಮೂರೂವರೆ ಬೆರಳು, ಆಗ ಮೂರಕ್ಕೆ ಹಾಕಿದರೆ ನಾಲ್ಕು ಬೆರಳು. ಮೂರನೆಯದಂತೂ ಏಳರಲ್ಲಿ ಬರೀ ಎರಡು ಬೆರಳು! ನಾಲ್ಕಕ್ಕೆ ಹಾಕಿದ್ದರೆ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು.

"ಅಂದ್ರೆ ಕೊನೆಕೊನೇಲಿ ಇದು ಬರೀ ಕೂಗ್ತಾ ಇತ್ತು!" ಅಳಿಯ ತಲೆ ಮೇಲೆ ಕೈಹೊತ್ತ. "ಆರು ವರ್ಷದಿಂದ ನಾನು ಇದರ ಕೂಗಿಗೆ ಮರುಳಾಗಿದ್ನಲ್ಲ ಮಾವ!"

ಕೆಳಗಿನ ಗೇರೂ ಮೇಲಿನ ಗೇರೂ ಸರಿಸಮ ತಳ್ಳುವ ಜಾಗ ಎಲ್ಲಿದೆಯೋ ಬದಲಾಯಿಸಬೇಕಾದ್ದು ಅಲ್ಲಿ. ಗೀರುಗಳನ್ನು ಕೂಡಿಸಿ ಹುಡುಕಿದರು. ಒಂದರಿಂದ ಎರಡಕ್ಕೆ ಏಳು ಸಾವಿರ. ಎರಡರಿಂದ ಮೂರಕ್ಕೆ ಆರು ಸಾವಿರದ ನಾನೂರು. ಮೂರರಿಂದ ನಾಲ್ಕಕ್ಕೆ ಐದು ಸಾವಿರದ ಒಂಬೈನೂರು. ಮೂರು ಗೇರಿಗೆ ಮೂರು ಜಾಗ. ಮೇಸ್ತ್ರಿ ಆ ಹಲಗೆಯನ್ನು ಒರಗಿಸಿಟ್ಟು ದೂರ ನಿಂತು ನೋಡಿದ. ಇಂಜಿನ್ನಿನ ಹೊಟ್ಟೆಯೊಳಗಿನ ಗುಟ್ಟು ಇಟ್ಟಿಗೆ ಗೋಡೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಬಂದು ಕೂತಿತ್ತು.

ಶನಿವಾರ ಬೀಗಿತ್ತಿ ಅದೇ ರನ್‌ವೇಯ ಕೊನೆಯ ಗೀಟಿನಲ್ಲಿ ನಿಂತಳು. ಹೊರಡುವ ಕಡೆ ಅಳಿಯ ಬಾವುಟ ಬೀಸುವುದು, ಇಲ್ಲಿ ಈಕೆ ಗಡಿಯಾರ ಒತ್ತುವುದು. ಪಕ್ಕದಲ್ಲಿ ಮೇಸ್ತ್ರಿ. ಸಿಡಿಲೂ ಬಂದಿದ್ದ, ಆಗಲೇ ಹೆಲ್ಮೆಟ್ ಹಾಕಿಕೊಂಡು.

ಮೊದಲ ಓಟ. ಎರಡನೇ ಗೇರಿನ ಸದ್ದು ಏರಿತು, ಏರಿತು, ಬದಲಾಗಬೇಕಾದ ಜಾಗ ದಾಟಿತು. ಹದಿನಾಲ್ಕು ಪಾಯಿಂಟ್ ಎರಡು.

"ಕೈ ಕೇಳಲಿಲ್ಲ ಅಪ್ಪಾ," ಎಂದಳು ಮಗಳು, ಮುಖ ಬೆವತಿತ್ತು. "ಆ ಸದ್ದು ಇನ್ನೂ ಇದೆ, ಇನ್ನೂ ಇದೆ ಅಂತ ಕರೆಯುತ್ತೆ."

ಎರಡನೇ ಓಟ. ಎರಡನೇ ಗೇರು ಸರಿಯಾಗಿ ಬದಲಾಯಿತು. ಮೂರನೆಯದರಲ್ಲಿ ಮತ್ತೆ ಕೈ ತಡೆಯಿತು. ಹದಿನಾಲ್ಕು, ಸರಿಯಾಗಿ.

"ಒಳಗೆ ಅಂದ್ರೆ ಒಳಗೆ," ಎಂದಳು ಬೀಗಿತ್ತಿ.  ಸಿಡಿಲು ಬೆರಳಿನ ನೆಟಿಕೆ ಮುರಿದ.

ಉಳಿದದ್ದು ಒಂದೇ ಓಟ. ಮೇಸ್ತ್ರಿ ಮಗಳ ಕಿಟಕಿಗೆ ಹೋಗಿ ನಿಂತ. ಏನು ಹೇಳುವುದು? ಆಳು ಕೂಗಿದರೆ ಮೇಸ್ತ್ರಿ ಕೇಳಬಾರದು, ಗೋಡೆ ನೋಡಬೇಕು. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಕಾರಿನೊಳಗೆ ಕೈ ಹಾಕಿ, ಎಣ್ಣೆ ಒರೆಸುವ ಹತ್ತಿಯ ಉಂಡೆಯಿಂದ ಶುಭ್ರವಾದ ಎರಡು ಚೂರು ಕಿತ್ತು, ಕೂಸಿಗೆ ಇಡುವ ಹಾಗೆ ಅವಳ ಎರಡೂ ಕಿವಿಗೆ ಇಟ್ಟ. ಮುಳ್ಳಿನ ಕಡೆ ಬೆರಳು ತೋರಿಸಿದ. ಅವಳು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಂಡು, ಕಾರನ್ನು ಗೀಟಿಗೆ ವಾಪಸ್ಸು ಒಯ್ದಳು.

ಬಾವುಟ ಇಳಿಯಿತು. ಮೇಸ್ತ್ರಿ ಕಾಲ ಕೆಳಗಿನ ಕಾಂಕ್ರೀಟಿನಲ್ಲೇ ಕಾರು ಹೊರಟದ್ದನ್ನು ತಿಳಿದ. ಒಂದು ಅರಚಿತು, ಬದಲಾಯಿತು. ಎರಡು ಏರಿತು; ಅರಚುವ ಮೊದಲೇ ಬದಲಾಯಿತು. ಮೂರು ಇನ್ನೇನು ಗಂಟಲು ಬಿಚ್ಚಬೇಕು ಅನ್ನುವಷ್ಟರಲ್ಲಿ ಸದ್ದು ತಟ್ಟನೆ ಇಳಿಯಿತು.

"ಹೋಯ್ತು! ಇಂಜಿನ್ ಸತ್ತೋಯ್ತು!" ಎಂದು ಸಿಡಿಲು ನಕ್ಕ.

ನಗು ಮುಗಿಯುವ ಮೊದಲೇ ಕಾರು ಅವರ ಮುಂದೆಯೇ ಹಾದುಹೋಗಿತ್ತು. ಮೆತ್ತಗೆ, ಮಾತಿಲ್ಲದೆ, ಬೆಟ್ಟ ಉರುಳಿಬಂದ ಹಾಗೆ. ಅದರ ಗಾಳಿಗೆ ಮೇಸ್ತ್ರಿಯ ತಲೆಯ ರುಮಾಲು ಹಾರಿತು. ಅದನ್ನು ಹಿಡಿಯಬೇಕೆಂದೂ ಅವನಿಗೆ ತೋಚಲಿಲ್ಲ.

ಬೀಗಿತ್ತಿ ಗಡಿಯಾರ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. "ಹದಿಮೂರು ಪಾಯಿಂಟ್ ಎಂಟು," ಎಂದಳು. ಆರು ವರ್ಷದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಆಕೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಮಗಳು ಕಾರು ತಿರುಗಿಸಿಕೊಂಡು ಬಂದು ನಿಲ್ಲಿಸಿದಳು.

"ಸೀಟು ನಿಂದು," ಎಂದಳು ಬೀಗಿತ್ತಿ.

"ಏನತ್ತೆ?"

"ಸೀಟು ನಿಂದು ಅಂದೆ!"

"ಆಂ?"

"ಸೀಟು ನಿಂದು ಕಣೇ, ನನ್ನವ್ವ!" ಎಂದು ಆಕೆ ಕೂಗಿದ ಕೂಗಿಗೆ ರನ್‌ವೇಯ ಆ ತುದಿಯ ಹಕ್ಕಿಗಳೆಲ್ಲ ಎದ್ದುಹೋದವು, ಸಿಡಿಲಿನ ಹೆಲ್ಮೆಟ್ಟೂ ತಾನಾಗಿ ಕಳಚಿಕೊಂಡಿತು. ಮಗಳು ಹೆಲ್ಮೆಟ್ ಕಳಚಿ, ಕಿವಿಯ ಹತ್ತಿ ತೆಗೆದು, ಎಲ್ಲರ ಮುಖ ನೋಡಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು.

ಮೇಸ್ತ್ರಿ ಮಾತ್ರ ಇನ್ನೂ ಅಲ್ಲೇ ನಿಂತಿದ್ದ. ಕಾರು ಹಾದುಹೋದ ಖಾಲಿ ಕಾಂಕ್ರೀಟನ್ನು ನೋಡುತ್ತಿದ್ದ. ಬೀಗಿತ್ತಿ ಪಕ್ಕಕ್ಕೆ ಬಂದು ನಿಂತು ತಾನೂ ಅತ್ತಲೇ ನೋಡಿದಳು.

"ಬೀಗರೇ, ನಾನು ಗಡಿಯಾರ ನೋಡ್ತಾ ಇದ್ದೆ. ಅವಳನ್ನ ನೋಡ್ಲೇ ಇಲ್ಲ."

"ನೋಡ್ಬೇಕಿತ್ತು," ಎಂದ ಮೇಸ್ತ್ರಿ.

ಬೀಗಿತ್ತಿ ಕಾರಿನ ಕಡೆ ತಿರುಗಿ ಕೈಬೀಸಿದಳು. "ಏ ಹುಡುಗಿ! ಇನ್ನೊಂದು ಸಲ ಹೊಡಿ!"

ಆ ನಾಲ್ಕನೇ ಓಟ ಎಷ್ಟು ಸೆಕೆಂಡಿನದು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.